ಹಾಸ್ಯಚಿತ್ರದ ಡಿಸ್ಕ್: ನಗು ಉಳಿದಿದೆಯೇ ಎಂದು ನೋಡುವುದು ಹೇಗೆ?

ಚಾರ್ಲಿ ಚಾಪ್ಲಿನ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಒಂದೇ ಚಿತ್ರ ಕಣ್ಣಮುಂದೆ ಬರುತ್ತದೆ. ತಲೆಯ ಮೇಲೆ ಗುಂಡು ಟೋಪಿ, ಮೂಗಿನ ಕೆಳಗೆ ಪುಟ್ಟ ಮೀಸೆ, ಕೈಯಲ್ಲಿ ಬೆತ್ತ, ಕೀಲಿ ಕೊಟ್ಟ ಗೊಂಬೆಯಂತೆ ಪಟಪಟನೆ ಓಡಾಡುವ ಕಾಲುಗಳು. ಟೋಪಿ, ಮೀಸೆ, ಬೆತ್ತ ಮೂರೂ ಚಾಪ್ಲಿನ್ ಅವರವೇ. ಆದರೆ ಆ ಪಟಪಟ ಓಟ ಅನೇಕ ಸಲ ಅವರದಲ್ಲ. ಚಿತ್ರವನ್ನು ಟೇಪಿಗೋ ಡಿಸ್ಕಿಗೋ ಇಳಿಸುವಾಗ ಯಾರೋ ಅವಸರದಲ್ಲಿ ಮಾಡಿದ ಕೆಲಸ ಅದು. ಕೆಟ್ಟ ಪ್ರತಿಯನ್ನು ನೋಡಿ ನಾವು "ಹಳೆಯ ಹಾಸ್ಯವೆಂದರೆ ಓಡುವುದು, ಬೀಳುವುದು, ಅಷ್ಟೇ" ಎಂದು ತೀರ್ಮಾನಿಸಿಬಿಡುತ್ತೇವೆ. ತಪ್ಪು ಮಾಡಿದವರು ಒಬ್ಬರು, ಶಿಕ್ಷೆ ಮಾತ್ರ ಕಲಾವಿದರಿಗೆ.

ಗ್ರಂಥಾಲಯಕ್ಕೆ ಪುಸ್ತಕ ತರಿಸುವಾಗ ಯಾವ ಮುದ್ರಣ, ಪುಟಗಳು ಪೂರ್ತಿ ಇವೆಯೇ, ಅನುವಾದ ಸರಿಯಿದೆಯೇ ಎಂದು ನೋಡುತ್ತೇವೆ. ಚಲನಚಿತ್ರದ ಡಿಸ್ಕ್ ತರಿಸುವಾಗ ಮಾತ್ರ ಹೊದಿಕೆಯ ಬಣ್ಣ, ಬೆಲೆ ನೋಡಿ ಮುಗಿಸುತ್ತೇವೆ. ಹಾಸ್ಯಚಿತ್ರದ ಡಿಸ್ಕನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಒಂದೇ ಒಂದು ಚಿತ್ರವನ್ನು ಎದುರಿಗಿಟ್ಟುಕೊಂಡು ಇಲ್ಲಿ ನೋಡೋಣ. ಆ ಚಿತ್ರ 1925ರಲ್ಲಿ ಬಿಡುಗಡೆಯಾದ ಚಾಪ್ಲಿನ್ ಅವರ 'ದಿ ಗೋಲ್ಡ್ ರಶ್'.

ಮೊದಲು ಕಥೆ ಇಷ್ಟು. ಅಲಾಸ್ಕಾದ ಕಡೆ ಚಿನ್ನ ಸಿಗುತ್ತದೆಂದು ಸಾವಿರಾರು ಜನ ಹಿಮದಲ್ಲಿ ನಡೆದು ಹೋದ ಕಾಲ. ಅವರ ನಡುವೆ ನಮ್ಮ ಬಡ ಅಲೆಮಾರಿಯೂ ಇದ್ದಾನೆ. ಬಿರುಗಾಳಿಗೆ ಸಿಕ್ಕಿ ಒಂದು ಮರದ ಗುಡಿಸಲು ಸೇರುತ್ತಾನೆ. ಜೊತೆಗಿರುವ ಬಿಗ್ ಜಿಮ್‌ಗೂ ಅವನಿಗೂ ಹಸಿವು ತಡೆಯಲಾಗದೆ ಕೊನೆಗೆ ಬೂಟನ್ನೇ ಬೇಯಿಸಿ ತಿನ್ನುತ್ತಾರೆ. ಮುಂದೆ ಊರಿನ ನೃತ್ಯಶಾಲೆಯಲ್ಲಿ ಜಾರ್ಜಿಯಾ ಎಂಬ ಹುಡುಗಿಯನ್ನು ಅಲೆಮಾರಿ ಮೆಚ್ಚುತ್ತಾನೆ. ಹೊಸ ವರ್ಷದ ರಾತ್ರಿ ಅವಳನ್ನು ಊಟಕ್ಕೆ ಕರೆದು ಮೇಜು ಸಿಂಗರಿಸಿ ಕಾಯುತ್ತಾನೆ. ಅವಳು ಬರುವುದಿಲ್ಲ. ಕಾದು ಕಾದು ನಿದ್ದೆ ಹೋದ ಅವನ ಕನಸಿನಲ್ಲಿ, ಎರಡು ಫೋರ್ಕುಗಳಿಗೆ ಎರಡು ಬನ್ನು ಚುಚ್ಚಿ ಅವುಗಳನ್ನೇ ಕಾಲುಗಳಂತೆ ಕುಣಿಸುತ್ತಾನೆ. ಹಸಿವು, ಒಂಟಿತನ, ಅವಮಾನ ಇವೆಲ್ಲದರ ಮೇಲೆ ಕಟ್ಟಿದ ನಗು ಇದು. ಆದ್ದರಿಂದಲೇ ಇದು ಬಹಳ ನಾಜೂಕು.

ಒಂದು: ಯಾವ ಆವೃತ್ತಿ?

ಡಿಸ್ಕ್ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಚಿತ್ರ ಎಷ್ಟು ಸ್ಪಷ್ಟವಾಗಿದೆ ಎಂಬುದಲ್ಲ, ಇದರಲ್ಲಿರುವುದು ಯಾವ ಚಿತ್ರ ಎಂಬುದು. 'ದಿ ಗೋಲ್ಡ್ ರಶ್' ಹೆಸರಿನಲ್ಲಿ ಎರಡು ಚಿತ್ರಗಳಿವೆ.

1925ರದ್ದು ಮೂಕಿಚಿತ್ರ. ಮಾತುಗಳು ತೆರೆಯ ಮೇಲೆ ಬರಹದ ಫಲಕಗಳಾಗಿ ಬರುತ್ತವೆ. 1942ರಲ್ಲಿ ಚಾಪ್ಲಿನ್ ಅವರೇ ಈ ಚಿತ್ರವನ್ನು ಮತ್ತೆ ಬಿಡುಗಡೆ ಮಾಡಿದರು. ಆಗ ಬರಹದ ಫಲಕಗಳನ್ನು ತೆಗೆದು ತಮ್ಮದೇ ಧ್ವನಿಯಲ್ಲಿ ನಿರೂಪಣೆ ಸೇರಿಸಿದರು, ಸಂಗೀತ ಕೂಡಿಸಿದರು, ಕೆಲವು ದೃಶ್ಯ ಕತ್ತರಿಸಿದರು. ಕೊನೆಯಲ್ಲಿದ್ದ ಚುಂಬನದ ದೃಶ್ಯವೂ ಹೋಯಿತು. 1942ರ ಆವೃತ್ತಿಗೆ ಸಂಗೀತ ಮತ್ತು ಧ್ವನಿಮುದ್ರಣ ವಿಭಾಗಗಳಲ್ಲಿ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು.

ಕತ್ತರಿಯಿಂದ ಕಥೆ ಎಷ್ಟು ಬದಲಾಯಿತು ಎಂಬುದಕ್ಕೆ ಒಂದು ಚೀಟಿಯ ಪ್ರಸಂಗ ಸಾಕು. 1925ರ ಚಿತ್ರದಲ್ಲಿ ಜಾರ್ಜಿಯಾ ತನ್ನ ಪ್ರಿಯಕರ ಜಾಕ್‌ಗೆ ಒಂದು ಪ್ರೇಮದ ಚೀಟಿ ಬರೆಯುತ್ತಾಳೆ. ಜಾಕ್ ಅದನ್ನು ಗೇಲಿಗಾಗಿ ಅಲೆಮಾರಿಗೆ ತಲುಪಿಸುತ್ತಾನೆ. ಅಲೆಮಾರಿ ಅದು ತನಗೇ ಬರೆದದ್ದೆಂದು ನಂಬಿ ಹುಚ್ಚು ಸಂತೋಷದಲ್ಲಿ ಅವಳನ್ನು ಹುಡುಕುತ್ತಾನೆ. ನಾವು ನಗುತ್ತೇವೆ, ಜೊತೆಗೇ ಹೊಟ್ಟೆಯೊಳಗೆ ಸಂಕಟವಾಗುತ್ತದೆ. 1942ರಲ್ಲಿ ಅದೇ ಚೀಟಿ ಜಾರ್ಜಿಯಾ ನೇರವಾಗಿ ಅಲೆಮಾರಿಗೆ ಬರೆದ ಕ್ಷಮಾಪಣೆಯಾಗಿದೆ. ಈಗ ಅವನ ಸಂತೋಷಕ್ಕೆ ಕಾರಣವಿದೆ, ಅವಳ ಮನಸ್ಸೂ ಒಳ್ಳೆಯದಾಗಿ ಕಾಣುತ್ತದೆ. ನಟನೆ ಅದೇ, ಮುಖ ಅದೇ, ನಗುವಿನ ಅರ್ಥ ಬೇರೆ.

ಯಾವುದು ಸರಿ? ಎರಡಕ್ಕೂ ಹಕ್ಕಿದೆ. ಒಂದು 1925ರ ಪ್ರೇಕ್ಷಕರು ಕಂಡದ್ದು, ಇನ್ನೊಂದು ಕಲಾವಿದರೇ ತಿದ್ದಿ ಒಪ್ಪಿದ್ದು. ಆದರೆ ಡಿಸ್ಕ್ ಯಾವುದನ್ನು ಕೊಡುತ್ತಿದೆ ಎಂದು ಹೊದಿಕೆಯ ಮೇಲೆ ಹೇಳಲೇಬೇಕು. ಹಕ್ಕುಸ್ವಾಮ್ಯವನ್ನು ನವೀಕರಿಸದ ಕಾರಣ 1925ರ ಆವೃತ್ತಿ ಅಮೆರಿಕದಲ್ಲಿ 1953ರಲ್ಲಿ ಎಲ್ಲರ ಸ್ವತ್ತಾಯಿತು. ಪ್ರತಿಯ ಪ್ರತಿಯಿಂದ ಮಾಡಿದ ಮಸುಕಾದ, ಎಲ್ಲೆಲ್ಲೋ ತುಂಡಾದ ಟೇಪುಗಳು ಮಾರುಕಟ್ಟೆ ತುಂಬಿದ್ದಕ್ಕೆ ಇದೂ ಒಂದು ಕಾರಣ. 1993ರಲ್ಲಿ ಕೆವಿನ್ ಬ್ರೌನ್‌ಲೋ ಮತ್ತು ಡೇವಿಡ್ ಗಿಲ್ ಮೂಕಿ ಆವೃತ್ತಿಯನ್ನು ಮತ್ತೆ ಜೋಡಿಸಿ ಕಟ್ಟಿದರು. 2012ರಲ್ಲಿ ಕ್ರೈಟೀರಿಯನ್ ಸಂಸ್ಥೆಯ ಬ್ಲೂರೇ ಎರಡೂ ಆವೃತ್ತಿಗಳನ್ನು ಒಟ್ಟಿಗೆ ಕೊಟ್ಟಿತು. ಮೂಕಿ ಆವೃತ್ತಿ 88 ನಿಮಿಷ, ನಿರೂಪಣೆಯದ್ದು 72 ನಿಮಿಷ. ಎರಡನ್ನೂ ಕೊಟ್ಟು ತೀರ್ಪನ್ನು ನೋಡುಗರಿಗೇ ಬಿಡುವುದು ಪ್ರಾಮಾಣಿಕ ಮಾರ್ಗ.

ಎರಡು: ಯಾವ ವೇಗ?

ಇದು ಸ್ವಲ್ಪ ಲೆಕ್ಕದ ವಿಷಯ, ವಿಜ್ಞಾನ ವಿಭಾಗದವರಿಗೆ ಸುಲಭ. ಚಲನಚಿತ್ರವೆಂದರೆ ಒಂದರ ಹಿಂದೆ ಒಂದು ಬರುವ ಸ್ಥಿರಚಿತ್ರಗಳು. ಪ್ರತಿ ಸ್ಥಿರಚಿತ್ರಕ್ಕೆ ಫ್ರೇಮ್ ಎನ್ನುತ್ತಾರೆ. ಮೂಕಿಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16 ಫ್ರೇಮ್ ಇರಬಹುದು, 20 ಇರಬಹುದು, ಇನ್ನೂ ಹೆಚ್ಚೂ ಇರಬಹುದು. ಮಾತಿನ ಚಿತ್ರಗಳು ಬಂದ ಮೇಲೆ ಧ್ವನಿ ಏರಿಳಿಯದಂತೆ ಸೆಕೆಂಡಿಗೆ 24 ಎಂದು ನಿಗದಿಯಾಯಿತು.

ಈಗ 16ರ ವೇಗದಲ್ಲಿ ತೆಗೆದ ಚಿತ್ರವನ್ನು 24ರ ಯಂತ್ರದಲ್ಲಿ ಓಡಿಸಿದರೆ ಏನಾಗುತ್ತದೆ? 60 ಸೆಕೆಂಡಿನ ದೃಶ್ಯ 40 ಸೆಕೆಂಡಿಗೆ ಮುಗಿಯುತ್ತದೆ. 20ರಲ್ಲಿ ತೆಗೆದದ್ದಾದರೆ 50 ಸೆಕೆಂಡಿಗೆ. ಕೀಲಿ ಗೊಂಬೆಯ ನಡಿಗೆ ಹುಟ್ಟಿದ್ದು ಇಲ್ಲಿ.

ಹಾಗೆಂದು ತೆಗೆದ ವೇಗದಲ್ಲೇ ತೋರಿಸಿದರೆ ಎಲ್ಲ ಸರಿಯಾಗುತ್ತದೆ ಎಂದೂ ಹೇಳುವಂತಿಲ್ಲ. ಹಾಸ್ಯಚಿತ್ರ ತೆಗೆಯುವವರು ಚಲನೆ ತುಸು ಚುರುಕಾಗಿ ಕಾಣಲೆಂದು ಬೇಕೆಂದೇ ನಿಧಾನವಾಗಿ ಕ್ಯಾಮೆರಾ ತಿರುಗಿಸುವುದಿತ್ತು. ಆ ಚುರುಕು ಅವರ ಉದ್ದೇಶದ ಭಾಗ. ಅದನ್ನು ಪೂರ್ತಿ ನಿಧಾನ ಮಾಡಿದರೆ ಹಾಸ್ಯ ಸಪ್ಪೆಯಾಗುತ್ತದೆ. ಹಾಗಾಗಿ ಡಿಸ್ಕ್ ಮಾಡುವವರಿಗೆ ಲೆಕ್ಕದ ಜೊತೆ ಕಿವಿ, ಕಣ್ಣು, ವಿವೇಕ ಮೂರೂ ಬೇಕು.

ಪರೀಕ್ಷಿಸಲು ಬೂಟಿನ ದೃಶ್ಯ ನೋಡಿ. ಅಲೆಮಾರಿ ಬೂಟಿನ ಮೊಳೆಗಳನ್ನು ಕೋಳಿಯ ಮೂಳೆಯಂತೆ ಚೀಪುತ್ತಾನೆ, ಲೇಸನ್ನು ಶ್ಯಾವಿಗೆಯಂತೆ ಫೋರ್ಕಿಗೆ ಸುತ್ತಿಕೊಳ್ಳುತ್ತಾನೆ. ಆ ಬೂಟನ್ನು ಲಿಕೋರಿಸ್ ಎಂಬ ಸಿಹಿತಿಂಡಿಯಿಂದ ಮಾಡಿದ್ದರು. ದೊಡ್ಡ ಹೋಟೆಲಿನಲ್ಲಿ ಕುಳಿತ ಸಾಹುಕಾರನ ಗಾಂಭೀರ್ಯದಲ್ಲಿ ಅವನು ಬೂಟು ತಿನ್ನುತ್ತಾನೆ ಎಂಬುದೇ ಹಾಸ್ಯ. ಗಾಂಭೀರ್ಯಕ್ಕೆ ಸಮಯ ಬೇಕು. ಮೊಳೆ ಚೀಪುವುದು ಇಲಿ ಕಡಲೆಕಾಯಿ ಕಡಿದಂತೆ ಕಂಡರೆ ಆ ಡಿಸ್ಕಿನಲ್ಲಿ ವೇಗ ತಪ್ಪಿದೆ ಎಂದು ತಿಳಿಯಿರಿ.

ವೇಗದ ಇನ್ನೊಂದು ತೊಂದರೆ ಮಾತಿನ ಚಿತ್ರಗಳಿಗೂ ಉಂಟು. ನಮ್ಮ ದೇಶದ ಹಳೆಯ ಟಿವಿ ಪದ್ಧತಿಯಾದ ಪಾಲ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್. 24ರ ಚಿತ್ರವನ್ನು ಅದಕ್ಕೆ ಹೊಂದಿಸಲು ಸಾಮಾನ್ಯವಾಗಿ ಸುಮ್ಮನೆ ಶೇಕಡಾ 4ರಷ್ಟು ಬೇಗ ಓಡಿಸುತ್ತಿದ್ದರು. 100 ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತದೆ, ಸರಿಪಡಿಸದಿದ್ದರೆ ಧ್ವನಿಯೂ ತುಸು ಕೀರಲಾಗುತ್ತದೆ. ಪಾಲ್‌ಗಾಗಿ ಮಾಡಿದ್ದನ್ನು ಅಮೆರಿಕದ ಸುಮಾರು 30 ಫ್ರೇಮಿನ ಪದ್ಧತಿಗೆ ಕೆಟ್ಟದಾಗಿ ಬದಲಿಸಿದರೆ ಎರಡು ಫ್ರೇಮುಗಳು ಒಂದರ ಮೇಲೊಂದು ಬೆರೆತು ನೆರಳು ಬೀಳುತ್ತದೆ. ಓಡುವವನ ಕಾಲು ಎರಡಿದ್ದದ್ದು ಮೂರಾಗಿ ಕಾಣುತ್ತದೆ. ಬ್ಲೂರೇಯಲ್ಲಿ 24 ಫ್ರೇಮನ್ನು ಹಾಗೆಯೇ ಇಡಬಹುದು. ಅದರ ನಿಜವಾದ ಲಾಭ ಇದು, ಬರೀ ಸ್ಪಷ್ಟತೆಯಲ್ಲ.

ಮೂರು: ಚೌಕಟ್ಟು ಪೂರ್ತಿ ಇದೆಯೇ?

ಹಳೆಯ ಚಿತ್ರಗಳ ಆಕಾರ 4 ಅಗಲಕ್ಕೆ 3 ಎತ್ತರ. ಇಂದಿನ ಟಿವಿಗಳದು 16ಕ್ಕೆ 9. ಹಳೆಯ ಚಿತ್ರವನ್ನು ಹೊಸ ತೆರೆಯ ಮೇಲೆ ತೋರಿಸುವಾಗ ಎರಡು ಬದಿಯಲ್ಲೂ ಕಪ್ಪು ಪಟ್ಟಿ ಉಳಿಯಬೇಕು. ಕೆಲವರಿಗೆ ಅದು ನಷ್ಟವೆನಿಸುತ್ತದೆ. "ತೆರೆ ತುಂಬಲಿ" ಎಂದು ಚಿತ್ರವನ್ನು ಹಿಗ್ಗಿಸುತ್ತಾರೆ. ಆಗ ಎಲ್ಲರೂ ಕುಳ್ಳಗೆ, ದಪ್ಪಗೆ ಕಾಣುತ್ತಾರೆ. ಇಲ್ಲವೇ ಮೇಲೆ ಕೆಳಗೆ ಕತ್ತರಿಸುತ್ತಾರೆ. ಲೆಕ್ಕ ಹಾಕಿ ನೋಡಿ: 4ಕ್ಕೆ 3 ಇರುವುದನ್ನು 16ಕ್ಕೆ 9 ಮಾಡಿದರೆ ಎತ್ತರ 3ರಿಂದ 2.25ಕ್ಕೆ ಇಳಿಯುತ್ತದೆ. ಅಂದರೆ ಚಿತ್ರದ ಕಾಲು ಭಾಗವೇ ಹೋಯಿತು.

ಹಾಸ್ಯಕ್ಕೆ ಇದು ಎಷ್ಟು ದೊಡ್ಡ ಪೆಟ್ಟು ಎಂದು ಬನ್ನಿನ ಕುಣಿತದಲ್ಲಿ ತಿಳಿಯುತ್ತದೆ. ಕೆಳಗೆ ಬನ್ನಿನ ಪಾದಗಳು, ಮೇಲೆ ಚಾಪ್ಲಿನ್ ಅವರ ಮುಖ. ಎರಡೂ ಸೇರಿ ದೊಡ್ಡ ತಲೆಯ, ಪುಟ್ಟ ಕಾಲಿನ ಒಬ್ಬ ನರ್ತಕ ಹುಟ್ಟುತ್ತಾನೆ. ಕಣ್ಣು ಎತ್ತ ಹೊರಳುತ್ತದೋ ಪಾದವೂ ಅತ್ತ. ಮೇಲೆ ಕತ್ತರಿಸಿದರೆ ಮುಖದ ಭಾವ ಹೋಯಿತು, ಕೆಳಗೆ ಕತ್ತರಿಸಿದರೆ ಪಾದ ಹೋಯಿತು. ಉಳಿದದ್ದು ಬನ್ನು ಚುಚ್ಚಿದ ಫೋರ್ಕು ಮಾತ್ರ.

ಇನ್ನೊಂದು ಗುಡಿಸಲಿನ ದೃಶ್ಯ. ರಾತ್ರಿಯ ಬಿರುಗಾಳಿ ಗುಡಿಸಲನ್ನು ಪ್ರಪಾತದ ಅಂಚಿಗೆ ತಳ್ಳಿದೆ, ಅರ್ಧ ಗುಡಿಸಲು ಗಾಳಿಯಲ್ಲಿ ನೇತಾಡುತ್ತಿದೆ. ಒಳಗಿರುವವರಿಗೆ ಗೊತ್ತಿಲ್ಲ, ನೋಡುವ ನಮಗೆ ಗೊತ್ತು. ಹೊರಗಿನ ನೋಟಕ್ಕೆ ಪುಟ್ಟ ಮಾದರಿ ಮಾಡಿ ತೆಗೆದಿದ್ದರು. ಒಳಗೆ ಒಬ್ಬ ಈ ಕಡೆ ಬಂದರೆ ನೆಲ ಓರೆಯಾಗುತ್ತದೆ, ಆ ಕಡೆ ಹೋದರೆ ಸಮವಾಗುತ್ತದೆ. ನೆಲ, ಛಾವಣಿ, ಬಾಗಿಲು ಎಲ್ಲ ಒಟ್ಟಿಗೆ ಕಂಡರೆ ಮಾತ್ರ ಆ ಓರೆ ನಮ್ಮ ಎದೆ ನಡುಗಿಸಿ ನಗಿಸುತ್ತದೆ. ಕೆಳಗಿನ ನೆಲವೇ ಕತ್ತರಿಸಿ ಹೋಗಿದ್ದರೆ ಇಬ್ಬರು ಸುಮ್ಮನೆ ತೂರಾಡುತ್ತಿರುವಂತೆ ಕಾಣುತ್ತದೆ.

ನಾಲ್ಕು: ಚಿತ್ರದ ಗುಣಮಟ್ಟ

ಡಿವಿಡಿಯಲ್ಲಿ ಪಾಲ್ ಪದ್ಧತಿಯಾದರೆ ಒಂದು ಫ್ರೇಮಿಗೆ 720 ಅಡ್ಡ, 576 ಉದ್ದ ಚುಕ್ಕೆಗಳು. ಬ್ಲೂರೇಯಲ್ಲಿ 1920 ಅಡ್ಡ, 1080 ಉದ್ದ. 4ಕೆ ಡಿಸ್ಕಿನಲ್ಲಿ 3840 ಅಡ್ಡ, 2160 ಉದ್ದ. ಆದರೆ ಚುಕ್ಕೆಗಳ ಸಂಖ್ಯೆ ಪಾತ್ರೆಯ ಗಾತ್ರ ಮಾತ್ರ, ಒಳಗಿನ ಅಡುಗೆಯ ರುಚಿಯಲ್ಲ. ಸವೆದ ಪ್ರತಿಯನ್ನು 4ಕೆಯಲ್ಲಿ ಹಾಕಿದರೆ ಸವೆತವೇ ಸ್ಪಷ್ಟವಾಗಿ ಕಾಣುತ್ತದೆ.

'ದಿ ಗೋಲ್ಡ್ ರಶ್'ಗೆ ಒಂದು ವಿಶೇಷ ಕಷ್ಟವಿದೆ: ಬಿಳಿ ಹಿಮದ ಮುಂದೆ ಕಪ್ಪು ಬಟ್ಟೆಯ ಮನುಷ್ಯ. ಆರಂಭದಲ್ಲಿ ನೂರಾರು ಜನ ಸಾಲಾಗಿ ಹಿಮದ ಬೆಟ್ಟ ಹತ್ತುವ ದೃಶ್ಯವನ್ನು ಕ್ಯಾಲಿಫೋರ್ನಿಯಾದ ಟ್ರಕೀ ಬಳಿಯ ನಿಜವಾದ ಹಿಮದಲ್ಲಿ ತೆಗೆದರು. ಉಳಿದ ಬಹುಭಾಗ ಸ್ಟುಡಿಯೋದಲ್ಲಿ ಹೂಡಿದ ಹಿಮ. ಒಳ್ಳೆಯ ಡಿಸ್ಕಿನಲ್ಲಿ ಹಿಮದ ಉಬ್ಬುತಗ್ಗು, ಹೆಜ್ಜೆಗುರುತು ಕಾಣುತ್ತವೆ. ಕೆಟ್ಟದ್ದರಲ್ಲಿ ಹಿಮ ಸುಣ್ಣ ಬಳಿದ ಗೋಡೆ, ಕೋಟು ಇದ್ದಿಲ ತುಂಡು. ಆಗ ಅಲೆಮಾರಿಯ ಹುಬ್ಬಿನ ಚಲನೆ ಕಾಣುವುದಿಲ್ಲ. ಮೂಕಿಚಿತ್ರದಲ್ಲಿ ಹುಬ್ಬೇ ಮಾತು.

ಇದರ ವಿರುದ್ಧದ ತಪ್ಪೂ ಇದೆ. ಫಿಲ್ಮಿನಲ್ಲಿ ಸಹಜವಾಗಿಯೇ ಸಣ್ಣ ಮರಳಿನಂಥ ಕಣಗಳಿರುತ್ತವೆ. ಅದನ್ನು ಕೊಳೆಯೆಂದು ತಿಳಿದು ಕಂಪ್ಯೂಟರಿನಿಂದ ಉಜ್ಜಿ ತೆಗೆದರೆ ಮುಖಗಳು ಮೇಣದ ಗೊಂಬೆಗಳಾಗುತ್ತವೆ. ಗೀರು, ಧೂಳು ಹೋಗಲಿ, ಚರ್ಮ ಉಳಿಯಲಿ. ಒಳ್ಳೆಯ ದುರಸ್ತಿಗೆ ಇದೇ ಅಳತೆ. ಚಿತ್ರಕ್ಕೆ ನೂರು ತುಂಬಿದ 2025ರಲ್ಲಿ ಹೊಸ 4ಕೆ ದುರಸ್ತಿಯ ಪ್ರತಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ನೂರು ವರ್ಷದ ಚಿತ್ರಕ್ಕೂ ಇನ್ನೂ ಕೆಲಸ ಮುಗಿದಿಲ್ಲ ಎಂಬುದನ್ನು ಗಮನಿಸಿ.

ಐದು: ಧ್ವನಿ ಮತ್ತು ಅಡಿಬರಹ

ಮೂಕಿಚಿತ್ರಕ್ಕೆ ಧ್ವನಿಯ ಚಿಂತೆ ಏಕೆ ಎಂದು ಕೇಳಬಹುದು. ಮೂಕಿ ಎಂದರೆ ಮಾತಿಲ್ಲದ್ದು, ಸಂಗೀತವಿಲ್ಲದ್ದಲ್ಲ. ಥಿಯೇಟರಿನಲ್ಲಿ ವಾದ್ಯಗಾರರು ಕುಳಿತು ನುಡಿಸುತ್ತಿದ್ದರು. ಅಗ್ಗದ ಡಿಸ್ಕುಗಳಲ್ಲಿ ಚಿತ್ರಕ್ಕೆ ಸಂಬಂಧವೇ ಇಲ್ಲದ ಪಿಯಾನೋ ತುಣುಕೊಂದನ್ನು ಸುತ್ತಿ ಸುತ್ತಿ ಹಾಕಿರುತ್ತಾರೆ. ಅಲೆಮಾರಿ ಒಂಟಿಯಾಗಿ ಕುಳಿತಾಗಲೂ ಅದೇ ಕುಣಿತದ ರಾಗ. ಕ್ರೈಟೀರಿಯನ್ ಡಿಸ್ಕಿನ ಮೂಕಿ ಆವೃತ್ತಿಗೆ ಚಾಪ್ಲಿನ್ ಅವರ 1942ರ ಸಂಗೀತವನ್ನೇ ಆಧರಿಸಿ ಟಿಮೊಥಿ ಬ್ರಾಕ್ ಹೊಂದಿಸಿದ ಸಂಗೀತವಿದೆ. ವ್ಯತ್ಯಾಸವನ್ನು ಕಿವಿಯೇ ಹೇಳುತ್ತದೆ.

ಮಾತಿಲ್ಲದ ಹಾಸ್ಯದಲ್ಲಿ ಧ್ವನಿಗೆ ಎಷ್ಟು ಬೆಲೆ ಎಂದು ತಿಳಿಯಲು ನಮ್ಮಲ್ಲೇ ಉದಾಹರಣೆಯಿದೆ. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನದ, ಬೆಂಗಳೂರಿನಲ್ಲಿ ಚಿತ್ರೀಕರಣವಾದ 1987ರ 'ಪುಷ್ಪಕ ವಿಮಾನ'ದಲ್ಲಿ ಸಂಭಾಷಣೆ ಇಲ್ಲ. ಥಿಯೇಟರಿನ ಪಕ್ಕದ ಬಡ ಕೋಣೆಯಲ್ಲಿ ಹೊಡೆದಾಟದ ಸದ್ದಿನ ನಡುವೆ ಮಲಗಿ ರೂಢಿಯಾದ ನಾಯಕನಿಗೆ ದೊಡ್ಡ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಬರುವುದಿಲ್ಲ. ಆ ಸದ್ದನ್ನು ಟೇಪಿನಲ್ಲಿ ತುಂಬಿಕೊಂಡು ಬಂದು ಹಾಕಿಕೊಂಡು ಮಲಗುತ್ತಾನೆ. ಡಿಸ್ಕಿನಲ್ಲಿ ಧ್ವನಿ ಗೊರಗೊರ ಎಂದರೆ ಗದ್ದಲಕ್ಕೂ ನಿಶ್ಶಬ್ದಕ್ಕೂ ವ್ಯತ್ಯಾಸವೇ ತಿಳಿಯದೆ ಹಾಸ್ಯ ನೆಲಕಚ್ಚುತ್ತದೆ.

ಇನ್ನು ಅಡಿಬರಹ. ಹಾಸ್ಯದ ಮಾತಿಗೆ ಅಡಿಬರಹ ಅರ್ಧ ಸೆಕೆಂಡ್ ಮುಂಚೆ ಬಂದರೂ ನಗು ಮುಂಚೆಯೇ ಸೋರಿಹೋಗುತ್ತದೆ. ನಟ ಬಾಯಿ ತೆರೆಯುವಷ್ಟರಲ್ಲಿ ಸಭೆ ನಕ್ಕು ಮುಗಿಸಿರುತ್ತದೆ. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಮೂಕಿಚಿತ್ರವನ್ನು ಕಿವಿ ಕೇಳುವವರು, ಕೇಳದವರು ಒಂದೇ ಬೆಂಚಿನಲ್ಲಿ ಕುಳಿತು ಸಮನಾಗಿ ನೋಡಿ ನಗಬಹುದಿತ್ತು. 1942ರ ಆವೃತ್ತಿಯಲ್ಲಿ ಬರಹ ಹೋಗಿ ನಿರೂಪಣೆ ಬಂದಾಗ ಆ ಸಮಾನತೆ ಹೋಯಿತು. ಆದ್ದರಿಂದ ಆ ಆವೃತ್ತಿಯ ಡಿಸ್ಕಿನಲ್ಲಿ ಅಡಿಬರಹ ಇರಲೇಬೇಕು. ಇಂಗ್ಲಿಷ್ ನಿರೂಪಣೆಯ ವೇಗಕ್ಕೆ ಕಿವಿ ಹೊಂದಿಸಿಕೊಳ್ಳಲಾಗದ ನಮ್ಮ ಪ್ರಥಮ ಪಿಯುಸಿ ಗೆಳೆಯರಿಗೂ ಅದರಿಂದ ಉಪಕಾರವೇ.

ಆರು: ಜೊತೆಗೆ ಕೊಡುವ ವಿಷಯಗಳು

ಸಂದರ್ಶನ, ಚಿತ್ರೀಕರಣದ ಕಥೆ, ತಜ್ಞರ ವಿವರಣೆ ಇವು ಚಟ್ನಿ ಇದ್ದಂತೆ. ಇದ್ದರೆ ರುಚಿ, ಆದರೆ ದೋಸೆ ಸೀದಿದ್ದರೆ ಚಟ್ನಿಯಿಂದ ಪ್ರಯೋಜನವಿಲ್ಲ. ಒಳ್ಳೆಯ ವಿವರಣೆ ಕಲಿಸುತ್ತದೆ. ಬ್ರೌನ್‌ಲೋ ಮತ್ತು ಗಿಲ್ 1983ರಲ್ಲಿ ಮಾಡಿದ 'ಅನ್‌ನೋನ್ ಚಾಪ್ಲಿನ್' ಎಂಬ ಮೂರು ಕಂತಿನ ಟಿವಿ ಸರಣಿ, ಬಳಸದೆ ಉಳಿದ ಫಿಲ್ಮುಗಳ ಮೂಲಕ ಚಾಪ್ಲಿನ್ ಒಂದು ನಗುವಿಗಾಗಿ ಎಷ್ಟು ಸಲ ತೆಗೆದು, ಬಿಟ್ಟು, ಮತ್ತೆ ತೆಗೆಯುತ್ತಿದ್ದರು ಎಂದು ತೋರಿಸಿತು. ಸುಲಭವಾಗಿ ಕಾಣುವುದರ ಹಿಂದೆ ಎಷ್ಟು ಬೆವರಿದೆ ಎಂದು ತಿಳಿಸುವ ಇಂಥ ಸಾಮಗ್ರಿಗೆ ಅಂಕ ಕೊಡಬಹುದು. ಬರೀ ಜಾಹೀರಾತು, ಹೊಗಳಿಕೆ ಇದ್ದರೆ ಬೇಡ.

ಅಂಕಪಟ್ಟಿ

ನಮಗೆಲ್ಲ ಅಂಕಗಳ ಭಾಷೆ ಚೆನ್ನಾಗಿ ಗೊತ್ತು. ಹಾಗಾಗಿ ಹೀಗೊಂದು ಪಟ್ಟಿ ಸೂಚಿಸುತ್ತೇನೆ. ಆವೃತ್ತಿಗೆ 25, ವೇಗಕ್ಕೆ 25, ಚೌಕಟ್ಟಿಗೆ 20, ಚಿತ್ರದ ಗುಣಮಟ್ಟಕ್ಕೆ 15, ಧ್ವನಿ ಮತ್ತು ಅಡಿಬರಹಕ್ಕೆ 10, ಜೊತೆಗಿನ ವಿಷಯಗಳಿಗೆ 5. ಒಟ್ಟು 100. ಮೊದಲ ಮೂರರಲ್ಲಿ ಒಂದರಲ್ಲಿ ಫೇಲಾದರೂ ಒಟ್ಟು ಎಷ್ಟೇ ಬಂದಿರಲಿ, ಪಾಸಿಲ್ಲ. ಮಾರುವವರು ಹೊದಿಕೆಯ ಮೇಲೆ ದೊಡ್ಡದಾಗಿ ಹಾಕುವುದು ಕೊನೆಯ ಮೂರನ್ನು. ಹಾಸ್ಯ ಬದುಕಿರುವುದು ಮೊದಲ ಮೂರರಲ್ಲಿ.

ಪೂರ್ತಿ ಚಿತ್ರ ನೋಡಬೇಕಿಲ್ಲ, ಅರ್ಧ ಗಂಟೆ ಸಾಕು. ಹಿಮದ ಬೆಟ್ಟದಲ್ಲಿ ಬೆಳಕು ನೋಡಿ, ಬೂಟಿನ ಊಟದಲ್ಲಿ ವೇಗ ನೋಡಿ, ಬನ್ನಿನ ಕುಣಿತದಲ್ಲಿ ಚೌಕಟ್ಟು ನೋಡಿ, ಚೀಟಿ ಯಾರು ಯಾರಿಗೆ ಬರೆದದ್ದು ಎಂದು ನೋಡಿ ಆವೃತ್ತಿ ತಿಳಿಯಿರಿ. ಕೊನೆಗೆ ಓರೆಯಾದ ಗುಡಿಸಲು ನೋಡಿ. ಬೇರೆ ಹಾಸ್ಯಚಿತ್ರವಾದರೆ ಅದರದೇ ಐದು ದೃಶ್ಯ ಆರಿಸಿಕೊಳ್ಳಿ. ಸಾಧ್ಯವಾದರೆ ಇದನ್ನು ಒಬ್ಬರೇ ಮಾಡಬೇಡಿ, ಚಿತ್ರವನ್ನು ಹಿಂದೆ ನೋಡದ ನಾಲ್ಕು ಜನರನ್ನು ಕೂರಿಸಿ. ಅವರು ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು ಎಂದು ಬರೆದುಕೊಳ್ಳಿ. ಬೂಟಿಗೆ ನಕ್ಕವರು ಹೊಸ ವರ್ಷದ ರಾತ್ರಿಯಲ್ಲಿ ಸುಮ್ಮನಾದರೆ ಡಿಸ್ಕ್ ತನ್ನ ಕೆಲಸ ಮಾಡಿದೆ ಎಂದೇ ಅರ್ಥ.

ಒಂದು ಹಳೆಯ ಹಾಸ್ಯಚಿತ್ರಕ್ಕೆ ಇಷ್ಟೊಂದು ತಲೆ ಏಕೆ ಕೆಡಿಸಿಕೊಳ್ಳಬೇಕು ಎನಿಸಬಹುದು. ಕನ್ನಡದ ಮೊದಲ ವಾಕ್ಚಿತ್ರ 1934ರ 'ಸತಿ ಸುಲೋಚನ'. ಅದನ್ನು ಇಂದು ನೋಡೋಣವೆಂದರೆ ಪ್ರತಿಯೇ ಉಳಿದಿಲ್ಲ. ಒಳ್ಳೆಯದಿತ್ತೋ ಇಲ್ಲವೋ ಎಂದು ಹೇಳುವ ಅವಕಾಶವೂ ನಮಗಿಲ್ಲ. ಚಿತ್ರ ಪೂರ್ತಿ ಕಳೆದುಹೋಗುವುದು ಒಂದು ಬಗೆಯ ನಷ್ಟ. ಕೆಟ್ಟ ಪ್ರತಿಯಾಗಿ ಉಳಿದು, ತನ್ನದಲ್ಲದ ತಪ್ಪಿಗೆ ತಲೆಮಾರುಗಳ ತಾತ್ಸಾರಕ್ಕೆ ಗುರಿಯಾಗುವುದು ಇನ್ನೊಂದು ಬಗೆಯದು. ಎರಡನೆಯದನ್ನು ತಡೆಯುವುದು ನಮ್ಮ ಕೈಯಲ್ಲಿದೆ. ಮುಂದಿನ ಸಲ ಹಳೆಯ ಹಾಸ್ಯವೊಂದು ನಗಿಸದೆ ಹೋದರೆ "ಇದರಲ್ಲಿ ಏನಿದೆ" ಎನ್ನುವ ಮುನ್ನ "ಇದರಲ್ಲಿ ಏನು ಉಳಿದಿದೆ" ಎಂದು ಒಮ್ಮೆ ಕೇಳಿಕೊಳ್ಳಿ.